ಗೋಮಾಳ ಉಳಿಸಲು ಹೊರಟವರಿಗೆ ದಿಶಾಂಕ್ ಆ್ಯಪ್ ಎಷ್ಟು ಆಗಿಬರುತ್ತದೆ?

ಗೋಮಾಳ, ಅಂದರೆ ಊರಿನ ದನ ಮೇಯಲು ಬಿಟ್ಟ ಸರ್ಕಾರಿ ಜಾಗ, ಒತ್ತುವರಿ ಆಗಿದೆ ಎಂದು ಗ್ರಾಮಸಭೆಯಲ್ಲಿ ಎದ್ದವರಿಗೆ ಮೊದಲು ಬೀಳುವ ಪ್ರಶ್ನೆ: 'ಯಾವ ಸರ್ವೆ ನಂಬರ್ರೀ?' ಅದಕ್ಕೆ ನಿಂತ ಜಾಗದಲ್ಲೇ ಉತ್ತರ ಕೊಡುವುದು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್. ದುಡ್ಡಿಲ್ಲ, ಇಂಟರ್ನೆಟ್ ಬೇಕು. ಲೊಕೇಶನ್ ಆನ್ ಮಾಡಿದರೆ ನಂಬರು, ಗ್ರಾಮ, ಹೋಬಳಿ ಬರುತ್ತವೆ. ಸರ್ನೋಕ್, ಹಿಸ್ಸಾ (ಸರ್ವೆ ನಂಬರಿನ ಒಳಭಾಗಗಳ ಗುರುತು) ಆರಿಸಿದರೆ ಮಾಲೀಕರ ಹೆಸರು ಸಿಗುತ್ತದೆ.

ಅರಸೀಕೆರೆ, ಕಡೂರಿನ ಬಯಲಲ್ಲಿ ಸಲೀಸು. ಸಕಲೇಶಪುರ, ಮೂಡಿಗೆರೆಯ ತೋಟದೊಳಗೆ ಮಾತ್ರ ಸಿಲ್ವರ್ ಓಕ್ ಮರೆಯಲ್ಲಿ ನಾವು ನಿಂತ ಜಾಗ ತೋರಿಸುವ ಚುಕ್ಕೆ ಅತ್ತಿತ್ತ ಜಾರುತ್ತದೆ. ಇದರ ಜೊತೆಗೆ, ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹೊದಿಸಿದ್ದರಿಂದ ಗಡಿಗೆರೆಯೂ ಅಷ್ಟಿಷ್ಟು ಸರಿದಿರುತ್ತದೆ. ಗುಂಟೆ ಎಂದರೆ 33 ಅಡಿ ಚೌಕ; 10 ಮೀಟರ್ ತಪ್ಪಿದರೆ ಗುಂಟೆಯ ಅಗಲವೇ ಹೋಯಿತು. ಗಡಿ ಜಗಳಕ್ಕೆ ಸರ್ವೆಯವರು ಬಂದು ಗಡಿ ಗುರುತಿಸುವ ಹದ್ದುಬಸ್ತು ಅಳತೆಯೇ ಗತಿ, ಸ್ಕ್ರೀನ್‌ಶಾಟ್ ಅಲ್ಲ.

ಹೆಚ್ಚು ಜನ ಎಡವುವುದು ಬಿ-ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆಂದು ಸಾಗುವಳಿಯಿಂದ ಬಿಟ್ಟ ಜಾಗದಲ್ಲಿ. ಹಳ್ಳ, ಬಂಡಿದಾರಿ ಖಾಸಗಿ ನಂಬರಿನೊಳಗೇ ಇದ್ದರೆ ಆ್ಯಪ್ ಮಾಲೀಕನ ಹೆಸರು ತೋರಿಸುತ್ತದೆ, ಸಾರ್ವಜನಿಕರ ಪಾಲು ಕಣ್ಣಿಗೆ ಬೀಳುವುದಿಲ್ಲ. ಪಹಣಿಯ 3ನೇ ಕಾಲಂ ನೋಡಿ, ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದಿಟ್ಟ ಸರ್ವೆ ದಾಖಲೆ) ಜೊತೆ ತಾಳೆ ಹಾಕಬೇಕು. ಜಾಗ ಸರ್ಕಾರದ್ದೋ ಎಂಬುದಕ್ಕೆ 9 ಮತ್ತು 11ನೇ ಕಾಲಂ. ದಾಖಲೆ ಕೈಗೆ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಗಡುವು 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಾಗಾಗಿ ಹತ್ತು ನಂಬರು ತುರುಕಬೇಡಿ.

ಆ್ಯಪ್ ಹೇಳದ ಇನ್ನೊಂದು ಲೆಕ್ಕವಿದೆ. ಭೂಕಂದಾಯ ನಿಯಮ 97ರ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಊರಲ್ಲಿ 240 ರಾಸು ಇದ್ದರೆ 72 ಎಕರೆ. ಪಶು ಆಸ್ಪತ್ರೆಯಿಂದ ಜಾನುವಾರು ಗಣತಿಯ ಅಂಕಿ ತಂದು ಒತ್ತುವರಿಯ ವಿರುದ್ಧ ಕೊಡುವ ಆಕ್ಷೇಪಣೆಗೆ ಲಗತ್ತಿಸಿದರೆ ಅದಕ್ಕೆ ತೂಕ ಬರುತ್ತದೆ. ಆದರೆ ಊರಿನಲ್ಲಿ ಕಾಡಿದ್ದು, ಅಲ್ಲಿ ಮೇವಿಗೆ ಸಾಕಷ್ಟು ಜಾಗವಿದ್ದರೆ ಈ ಪ್ರಮಾಣವನ್ನು ಇಳಿಸಲು ಅದೇ ನಿಯಮ ಅವಕಾಶ ಕೊಡುತ್ತದೆ. ಮಲೆನಾಡಿನ ಕಡೆಯವರು ಅದಕ್ಕೂ ಉತ್ತರ ಬರೆದಿಟ್ಟುಕೊಂಡಿರಬೇಕು: ಆ ಕಾಡಿನಲ್ಲಿ ದನ ಮೇಯಿಸಲು ಈಗ ಬಿಡುತ್ತಾರೆಯೇ?

ಗ್ರಾಮಸಭೆಯ ನಿರ್ಣಯ ಬೇಕಿದ್ದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿ. ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ). ನಿರ್ಣಯದಲ್ಲಿ 'ನಮ್ಮೂರ ಗೋಮಾಳ' ಎಂದಷ್ಟೇ ಬರೆದರೆ ಸಾಲದು. ಸರ್ವೆ ನಂಬರು, ಎಕರೆ-ಗುಂಟೆ ಬರೆಯಿಸಿ. ನಂಬರು ಹುಡುಕುವಷ್ಟಕ್ಕೆ ದಿಶಾಂಕ್ ಸಾಕು.