‘ಚರ್ಮಸ್ನೇಹಿ’ ಡಬ್ಬಿ: ಊಟಕ್ಕೆ ನಾಲ್ಕು ಅಂಕ, ಕರಪತ್ರಕ್ಕೆ ಸೊನ್ನೆ

ಚರ್ಮ ದಪ್ಪಗಾಗಿ ಹೊಟ್ಟು ಏಳುವ ಸೋರಿಯಾಸಿಸ್ ರೋಗ ಇರುವವರಿಗೆಂದೇ ಮಧ್ಯಾಹ್ನದ ಊಟ ಮಾಡಿ ತಲುಪಿಸುವ ಚಿಕ್ಕ ಅಡುಗೆಮನೆಯೊಂದು ಬೆಂಗಳೂರಿನ ನಮ್ಮ ಕಚೇರಿಯ ಹತ್ತಿರ ಶುರುವಾಗಿದೆ. ಊಟಕ್ಕೆ 140 ರೂಪಾಯಿ, ತಿಂಗಳ ಹಣ ಮುಂಗಡ. ಮೊಣಕೈ, ತಲೆಯಿಂದ ಹೊಟ್ಟು ಉದುರುತ್ತದೆಂದು ಕಪ್ಪು ಸೀರೆ ಉಡುವುದನ್ನೇ ಬಿಟ್ಟಿರುವ ನಾನು ಇಂಥದ್ದನ್ನು ನೋಡಿಯೂ ಸುಮ್ಮನಿರುವುದುಂಟೇ?

ಮೊದಲು ಊಟದ ಮಾತು. ಮೂರು ಅಂತಸ್ತಿನ ಸ್ಟೀಲ್ ಡಬ್ಬಿ. ಕೆಳಗೆ ನವಣೆ ಅನ್ನ ಅಥವಾ ಪುಟ್ಟ ರಾಗಿಮುದ್ದೆ, ನಡುವೆ ಸಾರು, ಮೇಲೆ ಪಲ್ಯ, ಕೋಸಂಬರಿ. ಹುರುಳಿಕಾಳಿನ ಬಸ್ಸಾರು ಬಂದ ದಿನ ಮುಚ್ಚಳ ತೆಗೆದರೆ ಪಕ್ಕದ ಮೇಜಿನವರೂ ತಿರುಗಿ ನೋಡುತ್ತಾರೆ. ಹುರಿದು ರುಬ್ಬಿದ ಬೆಳ್ಳುಳ್ಳಿ, ಜೀರಿಗೆಯ ಘಮ, ಮೇಲೆ ಎಣ್ಣೆ ತೇಲದ ತಿಳಿ. ಬಸಿದ ಕಾಳು, ಸೊಪ್ಪನ್ನು ಎಸೆಯದೆ ಪಲ್ಯ ಮಾಡಿರುತ್ತಾರೆ, ತೆಂಗಿನತುರಿ ಲೆಕ್ಕಕ್ಕೆ ತಕ್ಕಷ್ಟು. ಹೀರೇಕಾಯಿ ಸಿಪ್ಪೆಯ ಚಟ್ನಿಯನ್ನು ನುಣ್ಣಗೆ ರುಬ್ಬಿ ಕೆಡಿಸುವುದಿಲ್ಲ. ನವಣೆಯ ಬಿಸಿಬೇಳೆಬಾತ್ ಮಾತ್ರ ಕಚೇರಿ ಸೇರುವಷ್ಟರಲ್ಲಿ ಇಟ್ಟಿಗೆಯಾಗಿರುತ್ತದೆ.

ತಕರಾರು ಇರುವುದು ಡಬ್ಬಿಯ ಜೊತೆ ಬರುವ ಕರಪತ್ರದ ಬಗ್ಗೆ. ಗೋಧಿ, ಹಾಲು, ಟೊಮೇಟೊ, ಆಲೂಗಡ್ಡೆ, ಬದನೆ ಎಲ್ಲವೂ ನಿಷಿದ್ಧ. ಹೀಗೆ ತಿಂದರೆ ರೋಗ ಬುಡಸಮೇತ ಹೋಗುತ್ತದಂತೆ. ವಾದಿರಾಜರು ಕೊಟ್ಟ ಬೀಜವೆಂದು ನಂಬಿ ಬೆಳೆಯುವ ಮಟ್ಟುಗುಳ್ಳ ಬದನೆಯನ್ನು ಬಿಡು ಎಂದು ಉಡುಪಿಯವಳಿಗೆ ಹೇಳುವಾಗ ಗಟ್ಟಿ ಕಾರಣವಾದರೂ ಬೇಡವೇ?

ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಶನ್‌ನ ವೈದ್ಯಕೀಯ ಮಂಡಳಿ ಆಹಾರದ ಬಗ್ಗೆ 2018ರಲ್ಲಿ ಶಿಫಾರಸು ಪ್ರಕಟಿಸಿತ್ತು. ಅದು ಒತ್ತಿ ಹೇಳಿದ್ದು, ತೂಕ ಹೆಚ್ಚಿರುವವರು ಕ್ಯಾಲೊರಿ ತಗ್ಗಿಸಿ ತೂಕ ಇಳಿಸಿಕೊಳ್ಳಬೇಕೆಂದು. ಅದೂ ಔಷಧದ ಜೊತೆಗೆ, ಔಷಧ ಬಿಟ್ಟು ಅಲ್ಲ. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಬಿಡುವ ಸಲಹೆ ರಕ್ತಪರೀಕ್ಷೆಯಲ್ಲಿ ಅದರ ಸೂಕ್ಷ್ಮತೆ ಕಂಡವರಿಗೆ ಮಾತ್ರ. ನನ್ನ ವರದಿಯಲ್ಲಿ ಅದೇನೂ ಇಲ್ಲ, ರಾತ್ರಿ ಚಪಾತಿ ತಿನ್ನುತ್ತೇನೆ.

ಹಾಗೆ ನೋಡಿದರೆ ಈ ಡಬ್ಬಿ ಮಾಡಬೇಕಾದ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದೆ. ಎದುರಿನ ದರ್ಶಿನಿಯ ಪೂರಿ ಸಾಗು ತಪ್ಪಿದೆ, ರವಿಕೆ ಸಡಿಲವಾಗಿದೆ. ಮೊಣಕೈಯ ಕಲೆ ತೆಳುವಾಗಿದೆ, ತಲೆಯದು ಇದ್ದ ಹಾಗೇ ಇದೆ. ವಾರಕ್ಕೊಮ್ಮೆ ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಕೂಡ ನುಂಗುತ್ತಿರುವುದರಿಂದ ಶ್ರೇಯಸ್ಸನ್ನೆಲ್ಲ ನವಣೆಗೇ ಕೊಡಲಾರೆ.

ಬಿಲ್‌ಕುಲ್ ಒಪ್ಪದ ಸಂಗತಿಯೆಂದರೆ ಕಷಾಯ. ಡಬ್ಬಿಯ ಜೊತೆ ಪುಟ್ಟ ಬಾಟಲಿಯಲ್ಲಿ ಅಮೃತಬಳ್ಳಿ ಕಷಾಯ ಬಂತು. ಫೋನ್ ಮಾಡಿ ಕೇಳಿದರೆ, “ರಕ್ತ ಶುದ್ಧಿಯಾಗುತ್ತದೆ ಮೇಡಂ, ರೋಗನಿರೋಧಕ ಶಕ್ತಿಯೂ ಹೆಚ್ಚುತ್ತದೆ” ಎಂದರು. ಅಲ್ಲ ಸ್ವಾಮಿ, ಸೋರಿಯಾಸಿಸ್‌ನಲ್ಲಿ ಕೆರಳಿ ಕುಣಿಯುತ್ತಿರುವುದೇ ಆ ರೋಗನಿರೋಧಕ ವ್ಯವಸ್ಥೆ! ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಯಕೃತ್ತಿನ ಮೇಲೆ ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತ ಕಣ್ಣಿಟ್ಟಿರುತ್ತಾರೆ. ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿನ ತೊಂದರೆ ಆದದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ನಿಜ. ಆದರೆ ಯಾವ ಔಷಧ ನಡೆಯುತ್ತಿದೆ ಎಂದು ಒಂದು ಮಾತೂ ಕೇಳದೆ ಊರಿಗೆಲ್ಲ ಹಂಚುವ ಪದಾರ್ಥವೇ ಅದು? ನನ್ನ ವೈದ್ಯೆ ಬಾಟಲಿ ನೋಡಿ, “ಇದೊಂದು ಬೇಡಮ್ಮ” ಎಂದರು.

ಈಗ ಕಷಾಯ ಬೇಡವೆಂದು ನಿಲ್ಲಿಸಿದ್ದೇನೆ. ಹಣ ಕಡಿತ ಮಾಡಲಿಲ್ಲ, ಬದಲಿಗೆ ಮಜ್ಜಿಗೆ ಕೇಳಿದರೆ ಹಾಲಿನ ನಿಷೇಧ ತೋರಿಸಿದರು. ಕೊನೆಗೆ ಒಂದು ಸೌತೆಕಾಯಿಗೆ ರಾಜಿಯಾಯಿತು. ಸೇರುವವರು ಇಡೀ ತಿಂಗಳಿಗೆ ಕಟ್ಟುವ ಮೊದಲು ಒಂದು ವಾರದ ಊಟ ತರಿಸಿ ನೋಡಿ. ಕೇಳಿದರೆ ಕೊಡುತ್ತಾರೆ, ತಾವಾಗಿ ಹೇಳುವುದಿಲ್ಲ. ರಜೆಯಿದ್ದರೆ ಹಿಂದಿನ ರಾತ್ರಿ ಎಂಟರೊಳಗೆ ತಿಳಿಸಬೇಕು, ಇಲ್ಲದಿದ್ದರೆ ಆ ದಿನದ ಹಣ ಹೋಯಿತೆಂದೇ ಲೆಕ್ಕ.