ಪ್ರಮಾಣೀಕೃತ ಹೆಕ್ಟೇರ್ ಏನನ್ನು ಅಳೆಯುತ್ತದೆ? ಎಫ್‌ಎಸ್‌ಸಿ, ಪಿಇಎಫ್‌ಸಿ ಮತ್ತು ಎಫ್‌ಎಒ ಫಲಕದ ವಿಮರ್ಶೆ

ಒಂದು ದೇಶ ತನ್ನ ಕಾಡನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಒಂದು ಅಂಕಿಯನ್ನು ಮುಂದಿಡುತ್ತಾರೆ: ಪ್ರಮಾಣೀಕೃತ ಅರಣ್ಯ, ಅಂದರೆ ಸರಿಯಾಗಿ ನೋಡಿಕೊಳ್ಳಲಾಗುತ್ತಿದೆ ಎಂದು ಆಡಿಟ್ ಮಾಡಿ ಪ್ರಮಾಣಪತ್ರ ಕೊಟ್ಟ ಕಾಡು, ಇಷ್ಟು ಹೆಕ್ಟೇರ್. ಆ ಅಂಕಿ ಬರುವುದು ಎರಡು ಖಾಸಗಿ ವ್ಯವಸ್ಥೆಗಳಿಂದ, ಬಾನ್‌ನ ಎಫ್‌ಎಸ್‌ಸಿ (ಫಾರೆಸ್ಟ್ ಸ್ಟೂವರ್ಡ್‌ಶಿಪ್ ಕೌನ್ಸಿಲ್) ಮತ್ತು ಜಿನೀವಾದ ಪಿಇಎಫ್‌ಸಿ (ಅರಣ್ಯ ಪ್ರಮಾಣೀಕರಣ ವ್ಯವಸ್ಥೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ). ಅವೆರಡರ ಲೆಕ್ಕಕ್ಕೆ ಸರ್ಕಾರಗಳು ಕೊಡುವ ಲೆಕ್ಕವನ್ನೂ ಸೇರಿಸಿ ಬಣ್ಣದ ಫಲಕ (ಡ್ಯಾಶ್‌ಬೋರ್ಡ್) ಮಾಡಿ ತೋರಿಸುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದ ಎಫ್‌ಎಒ. ಮರ ಕೊಳ್ಳುವ ಕಂಪನಿಗಳು, ಸಂಶೋಧಕರು, ಪತ್ರಕರ್ತರು ಈ ಮೂರನ್ನೂ ಒಂದೇ ಕೆಲಸಕ್ಕೆ ಬಳಸುವುದರಿಂದಲೇ ಗೊಂದಲ. ಮರದ ಮೂಲ ಪತ್ತೆಹಚ್ಚುವ ಕೆಲಸಕ್ಕೆ ಎಫ್‌ಎಸ್‌ಸಿಗೆ ಐದರಲ್ಲಿ ನಾಲ್ಕು, ಪಿಇಎಫ್‌ಸಿಗೆ ಮೂರು ಕೊಡಬಹುದು. ದೇಶಗಳನ್ನು ಅಕ್ಕಪಕ್ಕ ಇಟ್ಟು ತೂಗುವ ಕೆಲಸಕ್ಕೆ ಮೂರರಲ್ಲಿ ಯಾವುದಕ್ಕೂ ಎರಡಕ್ಕಿಂತ ಹೆಚ್ಚು ಸಲ್ಲದು.

1992ರ ರಿಯೊ ಶೃಂಗಸಭೆಯಲ್ಲಿ ಕಾಡಿನ ಬಗ್ಗೆ ಎಲ್ಲರನ್ನೂ ಕಟ್ಟಿಹಾಕುವ ಒಪ್ಪಂದ ಆಗಲಿಲ್ಲ. ಮಾರನೆಯ ವರ್ಷ ಎಫ್‌ಎಸ್‌ಸಿ ಹುಟ್ಟಿತು. 10 ತತ್ವಗಳು, ಅವುಗಳ ಕೆಳಗೆ 70 ಮಾನದಂಡಗಳು, ಅವುಗಳಡಿ ಆಯಾ ದೇಶಕ್ಕೆ ಹೊಂದಿಸಿದ ಸೂಚಕಗಳು ಇದರ ಚೌಕಟ್ಟು. ಆರ್ಥಿಕ, ಸಾಮಾಜಿಕ, ಪರಿಸರ ಎಂಬ ಮೂರು ಬಣಗಳಿಗೆ ತಲಾ ಮೂರನೇ ಒಂದು ಭಾಗ ಮತ. ಪ್ರತಿ ಬಣದೊಳಗೂ ಉತ್ತರ ಮತ್ತು ದಕ್ಷಿಣದ ದೇಶಗಳಿಗೆ ಸಮಪಾಲು. ಮರದ ವ್ಯಾಪಾರಿಗಳು ತಮ್ಮಷ್ಟಕ್ಕೆ ತಾವೇ ನಿಯಮ ಸಡಿಲಿಸಲು ಇದರಿಂದ ಆಗುವುದಿಲ್ಲ. ಅದಕ್ಕೆ ತೆರುವ ಬೆಲೆ ನಿಧಾನ. ಒಂದು ಮಾನದಂಡ ಪರಿಷ್ಕರಣೆಯಾಗಲು ವರ್ಷಗಳೇ ಹಿಡಿಯುತ್ತವೆ.

ಪಿಇಎಫ್‌ಸಿಯ ದಾರಿ ಬೇರೆ. 1999ರಲ್ಲಿ ಯುರೋಪಿನ ಸಣ್ಣ ಅರಣ್ಯ ಮಾಲೀಕರ ಒತ್ತಾಸೆಯಿಂದ ಶುರುವಾದ ಇದು ಕಾಡಿಗೆ ನೇರವಾಗಿ ಇಳಿಯುವುದಿಲ್ಲ. ಮಲೇಷ್ಯಾದ ಎಂಟಿಸಿಎಸ್, ಬ್ರೆಜಿಲ್‌ನ ಸೆರ್‌ಫ್ಲೋರ್, ಉತ್ತರ ಅಮೆರಿಕದ ಎಸ್‌ಎಫ್‌ಐ ಮುಂತಾದ ವ್ಯವಸ್ಥೆಗಳು ಮೊದಲೇ ಬರೆದುಕೊಂಡ ನಿಯಮಗಳನ್ನು ತನ್ನ ಕನಿಷ್ಠ ಮಟ್ಟಕ್ಕೆ ಹೋಲಿಸಿ ಮಾನ್ಯತೆ ಕೊಡುತ್ತದೆ. ಆದ್ದರಿಂದ ‘ಪಿಇಎಫ್‌ಸಿ ಮರ’ ಎಂದರೆ ಯಾವ ದೇಶದ ಯಾವ ವ್ಯವಸ್ಥೆಯ ಮರ ಎಂದು ಕೇಳದೆ ಅದಕ್ಕೆ ಅರ್ಥ ಬರುವುದಿಲ್ಲ. ಎಫ್‌ಎಸ್‌ಸಿಯಲ್ಲೂ ಹೊಳೆಯ ಅಂಚಿನಲ್ಲಿ ಎಷ್ಟು ಮೀಟರ್ ಬಿಡಬೇಕು, ಒಂದು ಕೂಪಿನಲ್ಲಿ (ಕಡಿತಕ್ಕೆ ಗುರುತಿಸಿದ ಜಾಗದಲ್ಲಿ) ಎಷ್ಟು ಬೋಳಾಗಿಸಬಹುದು, ಹೆಕ್ಟೇರಿಗೆ ಎಷ್ಟು ಹಳೆಯ ಮರ ಉಳಿಸಬೇಕು ಎಂಬುದನ್ನು ರಾಷ್ಟ್ರೀಯ ಮಾನದಂಡವೇ ನಿರ್ಧರಿಸುತ್ತದೆ. ತತ್ವ ಒಂದಾದರೂ ಅಂಕಿ ದೇಶಕ್ಕೊಂದು.

ದೇಶಗಳ ಹೋಲಿಕೆಯನ್ನು ಸದ್ದಿಲ್ಲದೆ ಕೆಡಿಸುವ ಇನ್ನೊಂದು ನಿಯಮವಿದೆ, ಅದು ಗಡುವಿನ ದಿನಾಂಕ: ಆ ದಿನದ ನಂತರ ಕಾಡು ಕಡಿದು ಬೆಳೆಸಿದ ತೋಪಿಗೆ ಪ್ರಮಾಣಪತ್ರ ಸಿಗದು. ನೈಸರ್ಗಿಕ ಕಾಡು ಕಡಿದು ಮಾಡಿದ ನೆಡುತೋಪಿಗೆ ಪಿಇಎಫ್‌ಸಿಯಲ್ಲಿ ಗಡಿ 2010ರ ಡಿಸೆಂಬರ್ 31. ಎಫ್‌ಎಸ್‌ಸಿಯಲ್ಲಿ ಬಹುಕಾಲ ಅದು 1994ರ ನವೆಂಬರ್ ಆಗಿತ್ತು. ಇಂಡೊನೇಷ್ಯಾದಲ್ಲಿ ಕಾಗದದ ತಿರುಳಿಗಾಗಿ ಬೆಳೆದ ನೆಡುತೋಪುಗಳ ದೊಡ್ಡ ಪಾಲು ಎದ್ದದ್ದೇ ಆಮೇಲೆ. ಬಳಿಕ ಅಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಕೆಲಸ ನಡೆದರೂ ಅವಕ್ಕೆ ಎಫ್‌ಎಸ್‌ಸಿಯ ಬಾಗಿಲು ಮುಚ್ಚಿತ್ತು. 2023ರ ಜುಲೈನಿಂದ ಜಾರಿಗೆ ಬಂದ ನೀತಿಯಂತೆ 1994ರ ಡಿಸೆಂಬರ್ 1ರಿಂದ 2020ರ ಡಿಸೆಂಬರ್ 31ರ ನಡುವೆ ಕಾಡು ಕಡಿದವರು ಪರಿಸರಕ್ಕೂ ಅಲ್ಲಿನ ಜನರಿಗೂ ಆದ ಹಾನಿಗೆ ಪರಿಹಾರ ಮಾಡಿದರೆ ಒಳಗೆ ಬರಬಹುದು. ಅದರ ನಂತರ ಕಡಿದವರಿಗೆ ಪ್ರವೇಶವಿಲ್ಲ. ಹೀಗಾಗಿ ಒಂದು ದೇಶದ ಎಫ್‌ಎಸ್‌ಸಿ ವಿಸ್ತೀರ್ಣ ಕಡಿಮೆಯಿದ್ದರೆ ಅದು ಇಂದಿನ ನಿರ್ವಹಣೆಯ ಸುದ್ದಿಯೋ ಮೂವತ್ತು ವರ್ಷದ ಹಿಂದಿನ ಕೊಡಲಿಯ ಸುದ್ದಿಯೋ ಎಂಬುದು ಅಂಕಿಯನ್ನು ನೋಡಿದರೆ ತಿಳಿಯದು.

ಇನ್ನು ಆಡಿಟ್. ಎಫ್‌ಎಸ್‌ಸಿ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಸ್ಸು, ನಡುವೆ ಪ್ರತಿವರ್ಷ ಒಂದು ಕಣ್ಗಾವಲು ಆಡಿಟ್. ಮೊದಲ ಮೌಲ್ಯಮಾಪನಕ್ಕೆ ಕನಿಷ್ಠ ಆರು ವಾರ ಮುಂಚೆ ಸುತ್ತಲಿನವರಿಗೆ ತಿಳಿಸಿ ಅಭಿಪ್ರಾಯ ಕೇಳಬೇಕು. ಕಂಡ ಲೋಪ ಸಣ್ಣದಾದರೆ ತಿದ್ದಲು ಒಂದು ವರ್ಷ, ದೊಡ್ಡದಾದರೆ ಮೂರು ತಿಂಗಳು. ಒಂದೇ ಕಣ್ಗಾವಲು ಆಡಿಟ್‌ನಲ್ಲಿ ದೊಡ್ಡ ಲೋಪಗಳು ಐದು ಅಥವಾ ಹೆಚ್ಚು ಸಿಕ್ಕರೆ ಇಡೀ ವ್ಯವಸ್ಥೆಯೇ ಕುಸಿದಿದೆ ಎಂದು ಪರಿಗಣಿಸಿ ಪ್ರಮಾಣಪತ್ರ ಅಮಾನತು ಮಾಡಬೇಕು. ಕಾಗದದ ಮೇಲೆ ಗಟ್ಟಿ ನಿಯಮವೇ. ಆದರೆ ಆಡಿಟರ್‌ಗೆ ಹಣ ಕೊಡುವುದು ಆಡಿಟ್‌ಗೆ ಒಳಗಾಗುವ ಕಂಪನಿ. ಯಾರನ್ನು ಕರೆಯಬೇಕು ಎಂದು ಆರಿಸುವುದೂ ಅದೇ. ಎಫ್‌ಎಸ್‌ಸಿ ಈ ದೋಷವನ್ನು ತಗ್ಗಿಸಲು ಎಎಸ್‌ಐ ಎಂಬ ಸಂಸ್ಥೆಯಿಂದ ಆಡಿಟರ್‌ಗಳ ಮೇಲೇ ಆಡಿಟ್ ಮಾಡಿಸುತ್ತದೆ, ಕಾಡಿಗೂ ಹೋಗಿ ನೋಡಿಸುತ್ತದೆ. ಪಿಇಎಫ್‌ಸಿ ಈ ಹೊಣೆಯನ್ನು ಆಯಾ ದೇಶದ ಮಾನ್ಯತಾ ಮಂಡಳಿಗೆ ಬಿಡುತ್ತದೆ. ಆ ಮಂಡಳಿ ಕಾಡಿನ ಜೊತೆಗೆ ಪ್ರಯೋಗಾಲಯಗಳನ್ನೂ ಕಾರ್ಖಾನೆಗಳನ್ನೂ ನೋಡಬೇಕಿರುತ್ತದೆ. ಇಬ್ಬರ ನಡುವೆ ಒಂದು ಅಂಕದ ಅಂತರ ಬಂದದ್ದು ಮುಖ್ಯವಾಗಿ ಇಲ್ಲಿ.

ಗುಂಪು ಪ್ರಮಾಣೀಕರಣದಲ್ಲಿ ಇನ್ನಷ್ಟು ಎಚ್ಚರ ಬೇಕು. ಎಫ್‌ಎಸ್‌ಸಿಯಲ್ಲಿ ಸಣ್ಣ ಹಿಡುವಳಿ ಎಂದರೆ ಸಾಮಾನ್ಯವಾಗಿ 100 ಹೆಕ್ಟೇರ್ ಒಳಗಿನದು, ಕೆಲವು ದೇಶಗಳಲ್ಲಿ 1000 ಹೆಕ್ಟೇರ್‌ವರೆಗೂ ಒಪ್ಪುತ್ತಾರೆ. ಇಂಥ ನೂರಾರು ಮಾಲೀಕರು ಒಂದೇ ಪ್ರಮಾಣಪತ್ರದಡಿ ಬಂದಾಗ ಆಡಿಟರ್ ಎಲ್ಲರ ಜಾಗಕ್ಕೂ ಹೋಗುವುದಿಲ್ಲ. ಸದಸ್ಯರ ಸಂಖ್ಯೆಯ ವರ್ಗಮೂಲವನ್ನು ಆಧರಿಸಿ ಮಾದರಿ ತೆಗೆಯುತ್ತಾರೆ. 400 ಸದಸ್ಯರಿದ್ದರೆ ವರ್ಗಮೂಲ 20, ಗುಣಾಂಕ 0.6 ಎಂದಿಟ್ಟುಕೊಂಡರೆ ನೋಡುವುದು 12 ಜಾಗ. ಉಳಿದ 388 ಜಾಗಗಳ ಗುಣಮಟ್ಟ ನಿಂತಿರುವುದು ಗುಂಪಿನ ವ್ಯವಸ್ಥಾಪಕರ ಒಳ ತಪಾಸಣೆಯ ಮೇಲೆ. ವರದಿಯಲ್ಲಿ ಮೊದಲು ಓದಬೇಕಾದ್ದು ಅದನ್ನೇ. ಒಳ ತಪಾಸಣೆಯಲ್ಲಿ ವರ್ಷವರ್ಷವೂ ಒಂದು ಲೋಪವೂ ಕಂಡಿಲ್ಲ ಎಂದಿದ್ದರೆ ಕಾಡು ಚೆನ್ನಾಗಿದೆ ಎಂದಲ್ಲ, ತಪಾಸಣೆ ಸರಿಯಾಗಿ ನಡೆದಿಲ್ಲ ಎಂದೇ ಮೊದಲು ಅನುಮಾನಿಸಬೇಕು.

ಮೂಲ ಪತ್ತೆಗೆ ಇವು ಉಪಯುಕ್ತ ಎಂದದ್ದು ಸರಬರಾಜು ಸರಪಳಿಯ ಪ್ರಮಾಣಪತ್ರದಿಂದಾಗಿ, ಅಂದರೆ ಕಾಡಿನಿಂದ ಕೊಳ್ಳುವವರವರೆಗೆ ಮರ ಕೈ ಬದಲಿಸುವುದರ ಲೆಕ್ಕ ಇಡುವ ಪ್ರಮಾಣಪತ್ರದಿಂದಾಗಿ. ಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದೂ ಇಲ್ಲೇ. ಗಿರಣಿಯ ಗೋಡೆಯ ಮೇಲೆ ಪ್ರಮಾಣಪತ್ರ ನೇತಾಡುತ್ತಿದ್ದರೆ ಅಲ್ಲಿಂದ ಹೊರಡುವ ಹಲಗೆಯೆಲ್ಲ ಪ್ರಮಾಣೀಕೃತವಲ್ಲ. ಬಿಲ್ಲಿನಲ್ಲಿ ಎರಡು ಸಂಗತಿ ಇರಲೇಬೇಕು: ಸರಬರಾಜುದಾರರ ಪ್ರಮಾಣಪತ್ರ ಸಂಖ್ಯೆ, ಮತ್ತು ಆ ಸರಕಿನ ಸಾಲಿನಲ್ಲೇ ‘ಎಫ್‌ಎಸ್‌ಸಿ 100%’, ‘ಎಫ್‌ಎಸ್‌ಸಿ ಮಿಕ್ಸ್ 70%’, ‘ಎಫ್‌ಎಸ್‌ಸಿ ಮಿಕ್ಸ್ ಕ್ರೆಡಿಟ್’ ಎಂಬಂಥ ಸ್ಪಷ್ಟ ಘೋಷಣೆ. ‘ಎಫ್‌ಎಸ್‌ಸಿ ಕಂಟ್ರೋಲ್ಡ್ ವುಡ್’ ಎಂದಿದ್ದರೆ ಅದು ಪ್ರಮಾಣೀಕೃತ ಮರವೇ ಅಲ್ಲ. ಕಳ್ಳನಾಟಾ, ಹಕ್ಕುಗಳ ಉಲ್ಲಂಘನೆ, ಉನ್ನತ ಸಂರಕ್ಷಣಾ ಮೌಲ್ಯದ ಕಾಡಿಗೆ ಹಾನಿ, ಕಾಡನ್ನು ನೆಡುತೋಪು ಮಾಡಿದ್ದು, ಕುಲಾಂತರಿ ಮರ ಎಂಬ ಐದು ಅಪಾಯಗಳನ್ನು ಸೋಸಿದ ಕಚ್ಚಾಮಾಲು ಅಷ್ಟೇ. ಅದರ ಮೇಲೆ ಲೇಬಲ್ ಹಾಕುವಂತಿಲ್ಲ. ಬಿಲ್ಲಿನ ಸಂಖ್ಯೆಯನ್ನು ಎಫ್‌ಎಸ್‌ಸಿಯ ಸಾರ್ವಜನಿಕ ದತ್ತಾಂಶದಲ್ಲಿ ಹಾಕಿದರೆ ಪ್ರಮಾಣಪತ್ರ ಜಾರಿಯಲ್ಲಿದೆಯೋ ಅಮಾನತಾಗಿದೆಯೋ, ಯಾವ ಉತ್ಪನ್ನಗಳಿಗೆ ಅನ್ವಯ ಎಂಬುದು ಬರುತ್ತದೆ. ಪೀಠೋಪಕರಣಕ್ಕೆ ಪಡೆದ ಪ್ರಮಾಣಪತ್ರ ತೋರಿಸಿ ಪ್ಲೈವುಡ್ ಮಾರುವವರೂ ಇರುತ್ತಾರೆ. ಹಾಗಾಗಿ ಉತ್ಪನ್ನಗಳ ಪಟ್ಟಿಯನ್ನೂ ಓದದೆ ಮುಂದೆ ಹೋಗಬಾರದು.

ಕ್ರೆಡಿಟ್ ಪದ್ಧತಿಯಲ್ಲಿ ಒಳಬಂದ ಪ್ರಮಾಣೀಕೃತ ಮರದ ಲೆಕ್ಕಕ್ಕೆ ತಕ್ಕಷ್ಟು ಸರಕನ್ನು ಎಫ್‌ಎಸ್‌ಸಿ ಹೆಸರಲ್ಲಿ ಮಾರಬಹುದು; ಅದನ್ನು ಬಿಡಿಸಿ ನೋಡಿದರೆ ಈ ಪ್ರಮಾಣಪತ್ರದ ನಿಜವಾದ ಸ್ವರೂಪ ಗೊತ್ತಾಗುತ್ತದೆ. ಗಿರಣಿಗೆ 60 ಘನ ಮೀಟರ್ ಎಫ್‌ಎಸ್‌ಸಿ ದಿಮ್ಮಿ, 60 ಘನ ಮೀಟರ್ ಕಂಟ್ರೋಲ್ಡ್ ವುಡ್ ಬಂತು. ಗರಗಸದಲ್ಲಿ ಅರ್ಧ ಸಿಪ್ಪೆಯಾಗಿಯೂ ಪುಡಿಯಾಗಿಯೂ ಹೋಯಿತು ಎನ್ನೋಣ. ಹೊರಬಂದ 60 ಘನ ಮೀಟರ್ ಹಲಗೆಯಲ್ಲಿ 30ನ್ನು ‘ಮಿಕ್ಸ್ ಕ್ರೆಡಿಟ್’ ಎಂದು ಮಾರಬಹುದು. ಆ 30ರಲ್ಲಿ ಪ್ರಮಾಣೀಕೃತ ಕಾಡಿನ ಮರ ಪೂರ್ತಿ ಇರಬಹುದು, ಚೂರೂ ಇಲ್ಲದಿರಬಹುದು. ಬಳಸದ ಕ್ರೆಡಿಟ್ 24 ತಿಂಗಳಿಗೆ ರದ್ದು. ಇದು ಮೋಸವಲ್ಲ, ನಿಯಮವೇ ಹಾಗಿದೆ. ಮೋಸ ನುಸುಳುವುದು ‘ಅರ್ಧ ಹೋಯಿತು’ ಎಂಬ ಪರಿವರ್ತನಾ ಗುಣಾಂಕದಲ್ಲಿ. ನಿಜವಾದ ಇಳುವರಿ 42% ಇದ್ದು ಲೆಕ್ಕದಲ್ಲಿ 55% ಬರೆದರೆ ಇಲ್ಲದ ಮರ ಪುಸ್ತಕದಲ್ಲಿ ಹುಟ್ಟುತ್ತದೆ. ಆದ್ದರಿಂದ ಜಾತಿವಾರು, ಗಾತ್ರವಾರು ಇಳುವರಿಯ ದಾಖಲೆ ಕೇಳಿ ಪಡೆಯಬೇಕು. ಕಾಡಿನ ಮರವೇ ಕೈಯಲ್ಲಿರಬೇಕು ಎನ್ನುವವರಿಗೆ ‘100%’ ಒಂದೇ ಆಯ್ಕೆ.

ಮತ್ತೆ ದೇಶಗಳ ಹೋಲಿಕೆಗೆ. ಇತ್ತೀಚಿನ ವರ್ಷಗಳಲ್ಲಿ ಎಫ್‌ಎಸ್‌ಸಿ ಅಡಿಯಲ್ಲಿ ಸುಮಾರು 16 ಕೋಟಿ ಹೆಕ್ಟೇರ್, ಪಿಇಎಫ್‌ಸಿ ಅಡಿಯಲ್ಲಿ 30 ಕೋಟಿಗೆ ಹತ್ತಿರ. ಎರಡನ್ನೂ ಕೂಡಿಸಿದರೆ ತಪ್ಪು, ಯಾಕೆಂದರೆ ಕೋಟ್ಯಂತರ ಹೆಕ್ಟೇರ್‌ಗಳಿಗೆ ಎರಡೂ ಪ್ರಮಾಣಪತ್ರ ಇವೆ. ದೇಶವೊಂದರಲ್ಲಿ ಒಂದರ ಅಡಿ 100 ಲಕ್ಷ, ಇನ್ನೊಂದರ ಅಡಿ 150 ಲಕ್ಷ ಹೆಕ್ಟೇರ್ ಇದ್ದು 60 ಲಕ್ಷ ಎರಡರಲ್ಲೂ ಬಂದರೆ ನಿಜವಾದ ಮೊತ್ತ 190 ಲಕ್ಷ, 250 ಅಲ್ಲ. ಎರಡೂ ಸಂಸ್ಥೆಗಳು ಸೇರಿ ಈ ಅತಿವ್ಯಾಪ್ತಿಯ ಅಂದಾಜು ಪ್ರಕಟಿಸುತ್ತವೆ. ಕಳೆಯದೆ ಬರೆದ ಯಾವ ಕೋಷ್ಟಕವನ್ನೂ ನಂಬಬಾರದು.

ಪ್ರಮಾಣೀಕೃತ ವಿಸ್ತೀರ್ಣದ ಬಹುಪಾಲು ಇರುವುದು ಉತ್ತರ ಅಮೆರಿಕ ಮತ್ತು ಯುರೋಪಿನ ಚಳಿಪ್ರದೇಶದ ಕಾಡುಗಳಲ್ಲಿ, ಅದರಲ್ಲೂ ಕೆನಡಾ ಮುಂದೆ. ಕಾಡು ವೇಗವಾಗಿ ಕರಗುತ್ತಿರುವುದು ಉಷ್ಣವಲಯದಲ್ಲಿ. ಅಲ್ಲಿ ಕಡಿತಕ್ಕೆ ದೊಡ್ಡ ಕಾರಣ ನಾಟಾ ಅಲ್ಲ, ಹೊಲ ಮತ್ತು ಹುಲ್ಲುಗಾವಲು. ದನ ಮೇಯಿಸಲು ಕಾಡು ಸುಡುವವನಿಗೆ ನಾಟಾದ ಪ್ರಮಾಣಪತ್ರ ಯಾಕೆ ಬೇಕು?

ಈ ಅಂಕಿ ಎಷ್ಟು ಬೇಗ ಜಾರುತ್ತದೆ ಎನ್ನುವುದಕ್ಕೆ 2022ರ ಮಾರ್ಚ್ ಸಾಕು. ಉಕ್ರೇನ್ ಮೇಲಿನ ದಾಳಿಯ ನಂತರ ರಷ್ಯಾ ಮತ್ತು ಬೆಲರೂಸ್‌ನ ಮರವನ್ನು ಎರಡೂ ಸಂಸ್ಥೆಗಳು ಸಂಘರ್ಷದ ನಾಟಾ ಎಂದು ಘೋಷಿಸಿದವು. ರಷ್ಯಾ ಒಂದರಲ್ಲೇ ಎಫ್‌ಎಸ್‌ಸಿಯ ಸುಮಾರು 6 ಕೋಟಿ ಹೆಕ್ಟೇರ್ ಪಟ್ಟಿಯಿಂದ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ತಿಂಗಳು ಅಲ್ಲಿನ ಕಾಡಿನ ನಿರ್ವಹಣೆ ಇದ್ದಕ್ಕಿದ್ದಂತೆ ಕೆಟ್ಟಿತೆಂದಲ್ಲ. ಮೇಲೇರುವುದಕ್ಕೂ ಇಂಥವೇ ಕಾರಣಗಳು ಇರುತ್ತವೆ. ಬೊಲಿವಿಯಾದ 1996ರ ಅರಣ್ಯ ಕಾನೂನು ಸರ್ಕಾರಿ ತಪಾಸಣೆಯ ಬದಲು ಪ್ರಮಾಣಪತ್ರವನ್ನು ಒಪ್ಪಿಕೊಂಡಿತು; ಮುಂದಿನ ದಶಕದಲ್ಲಿ ಆ ದೇಶ ಉಷ್ಣವಲಯದ ಪ್ರಮಾಣೀಕರಣದಲ್ಲಿ ಮುಂಚೂಣಿಗೆ ಬಂತು, ಆಮೇಲೆ ಇಳಿಯಿತು. ಗ್ವಾಟೆಮಾಲಾದ ಮಾಯಾ ಜೀವಗೋಳ ಮೀಸಲಿನಲ್ಲಿ ಸಮುದಾಯಗಳಿಗೆ ಗುತ್ತಿಗೆ ಕೊಡುವಾಗಲೇ ಮೂರು ವರ್ಷದೊಳಗೆ ಎಫ್‌ಎಸ್‌ಸಿ ಪಡೆಯಬೇಕೆಂಬ ಷರತ್ತು ಹಾಕಿದರು. ಚಟುವಟಿಕೆಯಿಂದ ನಡೆಯುತ್ತಿರುವ ಆ ಗುತ್ತಿಗೆಗಳಲ್ಲಿ ಕಾಡು ಉಳಿದಿದೆ. ಶ್ರೇಯಸ್ಸು ಪ್ರಮಾಣಪತ್ರಕ್ಕೋ, ಜನರಿಗೆ ಸಿಕ್ಕ ದೀರ್ಘಾವಧಿಯ ಹಕ್ಕಿಗೋ? ಹಕ್ಕಿಗೇ ಹೆಚ್ಚು ಎನ್ನಬೇಕು, ಯಾಕೆಂದರೆ ಅದು ಇಲ್ಲದ ಕಡೆ ಬರೀ ಪ್ರಮಾಣಪತ್ರ ಅಷ್ಟು ಕೆಲಸ ಮಾಡಿದ್ದು ಅಪರೂಪ.

ಎಫ್‌ಎಒ ಫಲಕ ಈ ಕೊರತೆಯನ್ನು ಭಾಗಶಃ ತುಂಬುತ್ತದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಯ 15.2.1 ಸೂಚಕದಡಿ ಐದು ಉಪಸೂಚಕಗಳಿವೆ: ಅರಣ್ಯ ವಿಸ್ತೀರ್ಣದ ನಿವ್ವಳ ಬದಲಾವಣೆಯ ದರ, ನೆಲದ ಮೇಲಿನ ಜೀವರಾಶಿ, ಕಾನೂನಿನ ಸಂರಕ್ಷಣೆಯಲ್ಲಿರುವ ಪಾಲು, ದೀರ್ಘಾವಧಿ ನಿರ್ವಹಣಾ ಯೋಜನೆ ಇರುವ ಪಾಲು, ಪ್ರಮಾಣೀಕೃತ ವಿಸ್ತೀರ್ಣ. ಇವನ್ನು ಒಂದೇ ಅಂಕವಾಗಿ ಕಲಸದೆ ಒಂದೊಂದಕ್ಕೂ ಬೇರೆ ಬಣ್ಣ ಕೊಟ್ಟದ್ದು ಜಾಣತನ. ಆದರೆ ಬಣ್ಣ ತೋರಿಸುವುದು ದಿಕ್ಕನ್ನು, ಮಟ್ಟವನ್ನಲ್ಲ. ಕಾಡೆಲ್ಲ ಕಳೆದುಕೊಂಡು ಈಗ ಸ್ವಲ್ಪ ನೆಡುತ್ತಿರುವ ದೇಶಕ್ಕೆ ಹಸಿರು, ಅಪಾರ ಕಾಡಿದ್ದು ಸ್ವಲ್ಪ ಕಳೆದುಕೊಂಡ ದೇಶಕ್ಕೆ ಕೆಂಪು. ನಿವ್ವಳ ಎಂಬ ಪದವೂ ಬಹಳ ಮುಚ್ಚಿಡುತ್ತದೆ: 1000 ಹೆಕ್ಟೇರ್ ಹಳೆಯ ಕಾಡು ಹೋಗಿ 1000 ಹೆಕ್ಟೇರ್ ನೀಲಗಿರಿ ಬಂದರೆ ಉತ್ತರ ಸೊನ್ನೆ. 2025ರ ಜಾಗತಿಕ ಮೌಲ್ಯಮಾಪನದ ಪ್ರಕಾರ ಅರಣ್ಯ 414 ಕೋಟಿ ಹೆಕ್ಟೇರ್, 2015ರಿಂದ 2025ರವರೆಗೆ ವರ್ಷಕ್ಕೆ 1.09 ಕೋಟಿ ಹೆಕ್ಟೇರ್ ಅರಣ್ಯನಾಶ, ನಿರ್ವಹಣಾ ಯೋಜನೆ ಇರುವುದು ಸುಮಾರು 213 ಕೋಟಿ ಹೆಕ್ಟೇರ್‌ಗೆ. ಯೋಜನೆ ಇದೆ ಎನ್ನುವುದು ದೇಶವೇ ಕೊಟ್ಟ ಮಾಹಿತಿ. ಅದು ಜಾರಿಯಾಗಿದೆಯೇ ಎಂದು ಯಾರೂ ಹೋಗಿ ನೋಡುವುದಿಲ್ಲ.

ಉಪಗ್ರಹದ ಅಂಕಿಗಳನ್ನು ಇದರ ಪಕ್ಕ ಇಟ್ಟಾಗ ತಾಳೆಯಾಗದಿದ್ದರೆ ಗಾಬರಿ ಬೇಡ. ಎಫ್‌ಎಒಗೆ ಅರಣ್ಯವೆಂದರೆ ಕನಿಷ್ಠ 0.5 ಹೆಕ್ಟೇರ್, 5 ಮೀಟರ್ ಎತ್ತರ, 10% ಮೇಲ್ಛಾವಣಿ, ಜೊತೆಗೆ ಭೂಬಳಕೆ ಕೃಷಿಯದ್ದಾಗಿರಬಾರದು. ಕಡಿದು ಮತ್ತೆ ನೆಡಲಿರುವ ಜಾಗ ಅದರ ಲೆಕ್ಕದಲ್ಲಿ ಅರಣ್ಯವೇ. ಉಪಗ್ರಹಕ್ಕೆ ಅದು ಮರ ಹೋದ ಜಾಗ, ಇತ್ತ ಎಣ್ಣೆತಾಳೆ ತೋಟ ಮರವಿರುವ ಜಾಗ.

ದೇಶಮಟ್ಟದ ಹೋಲಿಕೆಗೆಂದೇ ಮಾಡಿದ ಸಾಧನಗಳು ಬೇರೆ ಇವೆ, ಹೆಸರು ಕಡಿಮೆ. 12 ದೇಶಗಳು ತಮ್ಮ ಕಾಡಿನ ಸ್ಥಿತಿಯನ್ನು ಒಂದೇ ಪಟ್ಟಿಯಂತೆ ವರದಿ ಮಾಡುವ ಮಾಂಟ್ರಿಯಲ್ ಪ್ರಕ್ರಿಯೆಯಲ್ಲಿ 7 ಮಾನದಂಡ, 54 ಸೂಚಕ. ಯುರೋಪಿನ ಇಂಥದೇ ಪ್ರಕ್ರಿಯೆಯಲ್ಲಿ 6 ಮಾನದಂಡ. ತೇರ್ಗಡೆ, ನಪಾಸು ಇಲ್ಲದ್ದರಿಂದ ಸುದ್ದಿಯಾಗುವುದಿಲ್ಲ. ಮಣ್ಣು, ನೀರು, ಕಾರ್ಮಿಕರು, ಕಾನೂನು ಎಲ್ಲವೂ ಇವುಗಳಲ್ಲಿ ಇವೆ. ಗಂಭೀರವಾಗಿ ಓದುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಪ್ರಮಾಣೀಕೃತ ವಿಸ್ತೀರ್ಣವನ್ನು ಬಳಸಲೇಬೇಕಿದ್ದರೆ ಕೋಷ್ಟಕದಲ್ಲಿ ಪಕ್ಕಕ್ಕೆ ಅತಿವ್ಯಾಪ್ತಿ ಕಳೆದ ಮೊತ್ತ, ನೈಸರ್ಗಿಕ ಕಾಡು ಮತ್ತು ನೆಡುತೋಪಿನ ಪಾಲು, ಆ ವರ್ಷ ಅಮಾನತಾದ ಪ್ರಮಾಣಪತ್ರಗಳ ಸಂಖ್ಯೆ, ದೊಡ್ಡ ಲೋಪಗಳು ಯಾವ ತತ್ವದಡಿ ಬಂದವು ಎಂಬುದನ್ನು ಸೇರಿಸಬೇಕು. ಕೊನೆಯದು ಎಫ್‌ಎಸ್‌ಸಿ ಆಡಿಟ್ ವರದಿಗಳ ಸಾರ್ವಜನಿಕ ಸಾರಾಂಶದಲ್ಲಿ ಸಿಗುತ್ತದೆ. ಒಂದೊಂದಾಗಿ ತೆರೆದು ಓದಬೇಕು, ಬೇಸರದ ಕೆಲಸ. ಯುರೋಪ್‌ಗೆ ಮಾರುವವರು ಇನ್ನೊಂದನ್ನು ತಿಳಿದಿರಬೇಕು: 2023ರಲ್ಲಿ ಅಂಗೀಕಾರವಾದ ಅಲ್ಲಿನ ಅರಣ್ಯನಾಶ ತಡೆ ಕಾನೂನಿನಡಿ ಯಾವ ಪ್ರಮಾಣಪತ್ರವೂ ಸ್ವಂತ ಪರಿಶೀಲನೆಗೆ ಬದಲಿಯಲ್ಲ, ಪೂರಕ ಮಾಹಿತಿ ಮಾತ್ರ. ಅದು ಮರ ಬೆಳೆದ ಜಾಗದ ನಿರ್ದೇಶಾಂಕ ಕೇಳುತ್ತದೆ. ಪ್ರಮಾಣೀಕೃತ ಘಟಕಗಳ ಗಡಿ ನಕ್ಷೆ ಎಲ್ಲ ಕಡೆಯೂ ಸಾರ್ವಜನಿಕವಾಗಿ ಸಿಗದು. ಎಫ್‌ಎಸ್‌ಸಿಯ ಐದನೇ ಅಂಕ ಹೋದದ್ದು ಅದಕ್ಕೇ.