‘ಅಲ್ಯೂಮಿನಿಯಂ ಕೂಡ ಆಗುತ್ತೆ ಅಣ್ಣ’ ಅಂದವನ ಮಾತು ನಂಬಿ ಕೆಟ್ಟೆ

ಟಿಗ್ ಮೆಷಿನ್, ಅಂದರೆ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್ ಹೊಡೆದು ಗ್ಯಾಸಿನ ಮರೆಯಲ್ಲಿ ಬೆಸೆಯೋ ವೆಲ್ಡಿಂಗ್ ಮೆಷಿನ್, ತಗೊಳ್ಳೋಕೆ ದುಡ್ಡು ಜೋಡಿಸಿಟ್ಟುಕೊಂಡವರು, ಅದರಲ್ಲೂ ಜೀಪು, ಪಿಕಪ್ಪಿನ ಕೆಲಸಕ್ಕೆ ಅಂತ ತಗೊಳ್ಳೋರು, ಬಿಲ್ ಹಾಕಿಸೋ ಮೊದಲು ಇದನ್ನೊಮ್ಮೆ ಓದಿ.

ನನ್ನದು ಕುಶಾಲನಗರದ ಹತ್ತಿರ ಒಂದು ಸಣ್ಣ ಶೆಡ್ಡು. ಹನ್ನೆರಡು ವರ್ಷದಿಂದ ಗೇಟು, ಗ್ರಿಲ್ಲು, ತೋಟದ ಟ್ರೈಲರ್ ರಿಪೇರಿ. ಕಬ್ಬಿಣ ಅಂದರೆ ನನಗೆ ನೀರು ಕುಡಿದಷ್ಟು ಸಲೀಸು. ಅಲ್ಯೂಮಿನಿಯಂ ಮಾತ್ರ ಮುಟ್ಟಿರಲಿಲ್ಲ. ಆದರೆ ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ಟ ವರ್ಷ ತೋಟದವರೆಲ್ಲ ಸ್ಪ್ರಿಂಕ್ಲರ್ ಎಳೀತಾರಲ್ಲ, ಆಗ ಬಾಯಿಬಿಟ್ಟ ಹಳೇ ಅಲ್ಯೂಮಿನಿಯಂ ಪೈಪು ಹೊತ್ತು ತಂದು ‘ಇದಕ್ಕೊಂದು ಬೆಸುಗೆ ಹಾಕಿಕೊಡೋ’ ಅನ್ನೋರು. ‘ಆಗಲ್ಲ ಸಾಹುಕಾರ್ರೇ, ಮೈಸೂರಿಗೆ ಕಳಿಸಿ’ ಅಂದು ಅಂದು ಸಾಕಾಗಿತ್ತು. ಬಂದ ಕೆಲಸ ವಾಪಸ್ ಹೋಗೋದು ನೋಡ್ತಾ ಕೂರೋಕೆ ಆಗಲಿಲ್ಲ.

ಅಂಗಡಿಗೆ ಹೋದೆ. ಡಬ್ಬದ ಮೇಲೆ ಫಳಫಳ ಅನ್ನೋ ಅಲಾಯ್ ವೀಲಿನ ಚಿತ್ರ, ‘ಮಲ್ಟಿ ಫಂಕ್ಷನ್, 200 ಆಂಪ್ಸ್’ ಅಂತ ದಪ್ಪ ಅಕ್ಷರ. ‘ಅಲ್ಯೂಮಿನಿಯಂ ಆಗುತ್ತಾ?’ ಅಂದೆ. ‘ಅಲ್ಯೂಮಿನಿಯಂ ಕೂಡ ಆಗುತ್ತೆ ಅಣ್ಣ, ಆರ್ಗಾನ್ ಗ್ಯಾಸ್ ಹಾಕಿದ್ರೆ ಎಲ್ಲಾ ಆಗುತ್ತೆ’ ಅಂದ. ಒಂದು ಸ್ಟೀಲ್ ತುಂಡಿನ ಮೇಲೆ ಚಿತ್ರ ಬರೆದಂಗೆ ಬೆಸೆದು ತೋರಿಸಿದ. ಸ್ಟೀಲ್ ಮೇಲೆ ತೋರಿಸಿದ್ದು, ಅಲ್ಯೂಮಿನಿಯಂ ಮೇಲಲ್ಲ. ಅಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲಿಲ್ಲ. 24,000 ಎಣಿಸಿಕೊಟ್ಟು ಬಂದೆ. ಪಕ್ಕದಲ್ಲೇ ಇದರ ಮೂರು ಪಟ್ಟು ಬೆಲೆಯದೊಂದು ಇತ್ತು. ಅದು ದೊಡ್ಡ ಫ್ಯಾಕ್ಟರಿಯವರಿಗೆ ಅಂದುಕೊಂಡೆ.

ಆ ಬೆಲೆ ಯಾಕೆ ಅನ್ನೋದು ಶೆಡ್ಡಿಗೆ ಬಂದು ವೆಲ್ಡಿಂಗ್ ಟಾರ್ಚ್ ಹಿಡಿದ ಮೇಲೆ ತಿಳೀತು. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ. ಆದರೆ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೇಲೊಂದು ಆಕ್ಸೈಡ್ ಪದರ ಕೂರುತ್ತೆ, ಅದು ಕರಗೋಕೆ 2,000 ಡಿಗ್ರಿ ದಾಟಬೇಕು. ಕಾದ ಹಾಲಿನ ಕೆನೆ ನೆನೆಸಿಕೊಳ್ಳಿ. ಒಳಗೆ ಕುದೀತಾ ಇದೆ, ಮೇಲೆ ಸುಕ್ಕುಸುಕ್ಕಾಗಿ ಬೂದು ಬಣ್ಣದ ಕೆನೆ ಅಲ್ಲಾಡ್ತಾ ಇದೆ. ಸಂದು ತುಂಬೋ ಫಿಲ್ಲರ್ ರಾಡು ಇಟ್ಟರೆ ಒಳಗೆ ಹೋಗಲ್ಲ, ತುದಿಯಲ್ಲಿ ಗುಂಡಗಾಗಿ ಉರುಳಿ ಬೀಳುತ್ತೆ. ಇನ್ನೂ ಸ್ವಲ್ಪ ಕಾಯಿಸೋಣ ಅಂದರೆ, ಕೆಂಪಗಾಗೋ ಸೂಚನೆಯೂ ಕೊಡದೆ ಇಡೀ ಜಾಗ ಧೊಪ್ಪನೆ ಕುಸಿದು ತೂತು.

ಈ ಕೆನೆ ಒಡೆಯೋದು ಎಸಿ ಕರೆಂಟು, ಅಂದರೆ ದಿಕ್ಕು ಬದಲಿಸ್ತಾ ಹರಿಯೋ ಕರೆಂಟು. ಟಂಗ್‌ಸ್ಟನ್ನು ಪಾಸಿಟಿವ್ ಆಗೋ ಅರ್ಧ ಸುತ್ತಿನಲ್ಲಿ ಆಕ್ಸೈಡ್ ಕಿತ್ತು ಹೋಗುತ್ತೆ, ನೆಗೆಟಿವ್ ಆಗೋ ಅರ್ಧದಲ್ಲಿ ಶಾಖ ಕೆಲಸದೊಳಗೆ ಇಳಿಯುತ್ತೆ. ನನ್ನ ಮೆಷಿನ್ ಬರೀ ಡಿಸಿ, ಕರೆಂಟು ಒಂದೇ ದಿಕ್ಕಿಗೆ. ಹೀಲಿಯಂ ಹಾಕಿ ಡಿಸಿಯಲ್ಲೇ ಅಲ್ಯೂಮಿನಿಯಂ ಬೆಸೆಯೋ ವಿಧಾನ ಇದೆ ಅಂತ ಆಮೇಲೆ ತಿಳೀತು, ಆದರೆ ಅದು ನಮ್ಮಂಥ ಗೇಟು ಗ್ರಿಲ್ಲಿನ ಶೆಡ್ಡಿಗೆ ಹೇಳಿದ ಮಾತಲ್ಲ. ಪೋಲಾರಿಟಿ ತಿರುಗಿಸಿ, ಟಂಗ್‌ಸ್ಟನ್ನನ್ನ ಪಾಸಿಟಿವ್ ಮಾಡಿಯೂ ನೋಡಿದೆ. ಕೆನೆ ಏನೋ ಒಡೀತು, ಜೊತೆಗೆ ಟಂಗ್‌ಸ್ಟನ್ನಿನ ತುದಿ ಕರಗಿ ಗೋಲಿಯಾಗಿ ತಗಡಿನ ಮೇಲೇ ಬಿತ್ತು. ಡಿಸಿಯಲ್ಲಿ ಹೆಚ್ಚಿನ ಶಾಖ ಪಾಸಿಟಿವ್ ಕಡೆಗೆ ಸೇರುತ್ತೆ, ಅಷ್ಟು ಸಣ್ಣ ಕಡ್ಡಿ ಅದನ್ನ ಹೇಗೆ ತಡೆದೀತು?

ಇಲ್ಲಿಗೆ ನಿಲ್ಲಿಸಿದ್ದರೆ ಹೋಗಿದ್ದು ದುಡ್ಡು ಮಾತ್ರ ಆಗ್ತಿತ್ತು. ನಾನು ನಿಲ್ಲಿಸಲಿಲ್ಲ.

ಮಾಂದಲ್‌ಪಟ್ಟಿಗೆ ಟೂರಿಸ್ಟ್ ಟ್ರಿಪ್ ಹೊಡೆಯೋ ಹುಡುಗನೊಬ್ಬ ನನಗೆ ಪರಿಚಯ. ಅವನ ಹಳೇ ಜೀಪಿನ ಡೀಸೆಲ್ ಟ್ಯಾಂಕು ತುಕ್ಕು ಹಿಡಿದು ಸೋರುತ್ತಿತ್ತು. ‘ಅಣ್ಣ, ಅಲ್ಯೂಮಿನಿಯಂದು ಮಾಡಿಕೊಡು, ತುಕ್ಕಿನ ಕಾಟನೇ ಬೇಡ’ ಅಂದ. ಒಪ್ಪಿಕೊಂಡುಬಿಟ್ಟಿದ್ದೆ. 3 ಎಂಎಂ ಶೀಟು ಕಟ್ ಮಾಡಿ, ಮಡಚಿ, ಅದೇ ಡಿಸಿ ಮೆಷಿನ್ನಲ್ಲಿ ರಾಡು ಚುಚ್ಚಿ ಚುಚ್ಚಿ, ಕೆನೆ ಕೆರೆದು ಕೆರೆದು ಮೂಲೆಗಳನ್ನ ಕೂಡಿಸಿದೆ. ನೋಡೋಕೆ ಜೇನುಮೇಣ ಸುರಿದಂಗೆ ಇತ್ತು. ಗ್ರೈಂಡರ್ ಹಿಡಿದು ನೈಸ್ ಮಾಡಿದೆ, ಒಳಗೂ ಹೊರಗೂ ಎಪಾಕ್ಸಿ ಪುಟ್ಟಿ ಮೆತ್ತಿದೆ, ಮೇಲೆ ಕಪ್ಪು ಪೇಂಟು. ರಾತ್ರಿಯಿಡೀ ನೀರು ತುಂಬಿಸಿಟ್ಟೆ. ಒಂದು ಹನಿ ಸೋರಲಿಲ್ಲ. ಗೊತ್ತಿದ್ದೂ ಮಾಡಿದ ಕೆಲಸ ಇದು, ಇದಕ್ಕೆ ಅಂಗಡಿಯವನನ್ನ ದೂರಿ ಪ್ರಯೋಜನ ಇಲ್ಲ.

ನಿಂತ ನೀರು ಬೇರೆ, ಆ ದಾರಿಯ ಕುಲುಕಾಟ ಬೇರೆ. ಹಳೇ ಜೀಪಿನಲ್ಲಿ ಟ್ಯಾಂಕ್ ಇರೋದು ಡ್ರೈವರ್ ಸೀಟಿನ ಅಡಿಯಲ್ಲಿ. ಹದಿನೈದು ದಿನ ಕಳೆದಿರಬೇಕು, ಕಕ್ಕಡ ತಿಂಗಳ ಮಳೆ. ಹಿಂದೆ ಐದು ಜನರನ್ನ ಕೂರಿಸಿಕೊಂಡು ಏರು ಹತ್ತಿಸ್ತಾ ಇದ್ದಾನೆ, ಪ್ಯಾಂಟು ಒದ್ದೆಯಾಯ್ತು. ಹುಡ್ ಸೋರಿ ಮಳೆನೀರು ಅಂದುಕೊಂಡ. ಕೈಯಲ್ಲಿ ಒರೆಸಿ ಮೂಸಿದ ಮೇಲೆ ಡೀಸೆಲ್ ಅಂತ ಗೊತ್ತಾಗಿದ್ದು. ಹಿಂದೆ ಕೂತಿದ್ದವನೊಬ್ಬ ಆಗಷ್ಟೇ ಸಿಗರೇಟ್ ಹಚ್ಚೋಕೆ ಲೈಟರ್ ತೆಗೆದಿದ್ದನಂತೆ. ಎಲ್ಲರನ್ನೂ ಮಳೆಯಲ್ಲೇ ಇಳಿಸಿ, ಬೇರೆ ಜೀಪಿಗೆ ಹತ್ತಿಸಿದ. ಸಂಜೆ ಟ್ಯಾಂಕ್ ಬಿಚ್ಚಿ ತಂದು ನನ್ನ ಮುಂದೆ ಇಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಅವಮಾನ. ಡೀಸೆಲ್ ಖಾಲಿ ಮಾಡಿ, ಬಟ್ಟೆಯಲ್ಲಿ ಒರೆಸಿ, ಈಗಲೇ ಸರಿಮಾಡಿಕೊಡ್ತೀನಿ ಅಂತ ಟಾರ್ಚ್ ಎತ್ತಿದೆ. ಪಕ್ಕದ ಗ್ಯಾರೇಜಿನ ಹಳೇ ಮೇಸ್ತ್ರಿ ಓಡಿಬಂದು ಮೆಷಿನ್ ಸ್ವಿಚ್ಚೇ ಆಫ್ ಮಾಡಿದರು. ‘ಲೋ ಮಗಾ, ಮನೇಲಿ ಹೆಂಡ್ತಿ ಮಕ್ಕಳಿಲ್ವೇನೋ ನಿಂಗೆ? ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಕೆಟ್ಟದ್ದು ಕಣೋ.’ ನಿಜ. ಅಂಟಿಕೊಂಡ ಡೀಸೆಲ್ ಕಾದು ಆವಿಯಾಗಿ, ಒಳಗಿನ ಗಾಳಿ ಜೊತೆ ಸೇರಿದರೆ ಅದು ಬಾಂಬು. ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ಬಳಸಿದ ಟ್ಯಾಂಕಿಗೆ ಬೆಂಕಿ ತಾಗಿಸಬೇಡಿ. ಅದನ್ನ ತೊಳೆದು, ಆವಿ ಹೊಡೆದು, ಒಳಗಿನ ಗಾಳಿ ಓಡಿಸಿ ಮಾಡೋರು ಬೇರೆಯೇ ಇದ್ದಾರೆ, ಅವರ ಹತ್ತಿರ ಕೊಡಿ.

ಆರು ತಿಂಗಳಾದ ಮೇಲೆ ಸಾಲ ಮಾಡಿ ಎಸಿ ಡಿಸಿ ಎರಡೂ ಇರೋ ಮೆಷಿನ್ ತಂದೆ. ಈ ಸಲ ಜೇಬಲ್ಲಿ ನನ್ನದೇ ಅಲ್ಯೂಮಿನಿಯಂ ತುಂಡು ಇಟ್ಟುಕೊಂಡು ಹೋಗಿದ್ದೆ. ಇದರ ಮೇಲೆ ಹೊಡೆದು ತೋರಿಸಿ, ಆಮೇಲೆ ರೇಟು ಅಂದೆ. ಬೀಡಿನ, ಅಂದರೆ ಬೆಸುಗೆ ಗೆರೆಯ, ಎರಡೂ ಅಂಚಿಗೆ ಮಂಜು ಕೂತಂಥ ಬಿಳಿ ಪಟ್ಟಿ ಬಂದರೆ ಎಸಿ ಕೆಲಸ ಮಾಡ್ತಿದೆ ಅಂತ ಅರ್ಥ. ಮೆಷಿನ್ ಮುಖದ ಮೇಲೆ ಎಸಿ ಬ್ಯಾಲೆನ್ಸ್, ಅಂದರೆ ಕೆನೆ ಒಡೆಯೋ ಅರ್ಧ ಎಷ್ಟು, ಶಾಖ ಇಳಿಸೋ ಅರ್ಧ ಎಷ್ಟು ಅನ್ನೋದನ್ನ ತಿರುಗಿಸೋ ಗುಂಡಿ ಇದೆಯಾ ನೋಡಿ. ಕಾಲಲ್ಲಿ ಒತ್ತೋ ಪೆಡಲ್ ಹಾಕೋಕೆ ಆಗುತ್ತಾ ಕೇಳಿ. ಅಲ್ಯೂಮಿನಿಯಂ ಬೆಸೀತಾ ಬೆಸೀತಾ ಬೇಗ ಕಾಯುತ್ತೆ, ಕರೆಂಟು ಇಳಿಸ್ತಾ ಹೋಗಬೇಕು. ಡ್ಯೂಟಿ ಸೈಕಲ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ. 200 ಆಂಪ್ಸಿಗೆ ಶೇ. 20 ಅಂದರೆ 10 ನಿಮಿಷದಲ್ಲಿ 2 ನಿಮಿಷ ಮಾತ್ರ ಕೆಲಸ. 3 ಎಂಎಂ ಶೀಟಿಗೆ 120 ಆಂಪ್ಸ್ ಆಸುಪಾಸು ಬೇಕು, ಅಷ್ಟರಲ್ಲಿ ಎಷ್ಟು ಹೊತ್ತು ಓಡುತ್ತೆ ಅಂತ ಕೇಳಿ. ನಮ್ಮ ಕಡೆಯ ಕರೆಂಟಿನ ವಿಷಯ ನಿಮಗೆ ಗೊತ್ತಲ್ಲ, ಮಳೆಗಾಲದ ಸಂಜೆ ನನ್ನ ಮೀಟರ್ 180 ವೋಲ್ಟ್ ತೋರಿಸಿದ್ದೂ ಇದೆ. ಅಂಗಡಿಯಲ್ಲಿ ಚೆನ್ನಾಗಿ ಓಡಿದ್ದು ಶೆಡ್ಡಲ್ಲಿ ಆರ್ಕೇ ಹಿಡಿಯಲ್ಲ.

ಒಳ್ಳೆ ಮೆಷಿನ್ ಬಂದ ಮೇಲೂ ಮೊದಲ ತಿಂಗಳು ಬೀಡು ಪೂರ್ತಿ ಸೂಜಿತೂತು. ಕಾರಣ ನಮ್ಮ ಊರಿನ ಥಂಡಿ. ರಾಡು, ಶೀಟು ಹಸಿ ಹಿಡಿದಿದ್ದರೆ ಆ ತೇವದ ಹೈಡ್ರೋಜನ್ನು ಬೀಡಿನೊಳಗೆ ಗುಳ್ಳೆ ಆಗಿ ಕೂರುತ್ತೆ. ಈಗ ರಾಡುಗಳನ್ನ ಮುಚ್ಚಳ ಇರೋ ಪೈಪಿನೊಳಗೆ ಇಡ್ತೀನಿ, ಶೀಟನ್ನ ಅಸಿಟೋನಿನಲ್ಲಿ ಒರೆಸಿ, ಅಲ್ಯೂಮಿನಿಯಂಗೆ ಅಂತಲೇ ಮೀಸಲಿಟ್ಟ ಸ್ಟೇನ್‌ಲೆಸ್ ಬ್ರಷ್ಷಲ್ಲಿ ಉಜ್ಜುತೀನಿ. ಬ್ರೇಕ್ ಕ್ಲೀನರ್ ಮಾತ್ರ ಹಾಕಬೇಡಿ, ಅದರಲ್ಲಿ ಕ್ಲೋರಿನ್ ಇರೋ ಬಗೆಯೂ ಇದೆ, ಆರ್ಕ್ ತಾಗಿದರೆ ವಿಷದ ಗಾಳಿ. ಗ್ಯಾಸು ಶುದ್ಧ ಆರ್ಗಾನೇ ಬೇಕು. ಮಿಗ್ ಅನ್ನೋ ಇನ್ನೊಂದು ಬಗೆಯ ವೆಲ್ಡಿಂಗ್ ಮೆಷಿನ್ನಿಗೆ ಹಾಕೋ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಸಿಲಿಂಡರ್ ಕೊಟ್ಟುಬಿಟ್ಟರೆ ಬೀಡೆಲ್ಲ ಮಸಿ.

ಇನ್ನು ಅಲ್ಯೂಮಿನಿಯಂ ಕ್ಯಾರಿಯರ್, ಬಂಪರ್ ಅಂತ ಕೇಳಿಕೊಂಡು ಬರೋರು. 6061 ಟಿ6 ಅನ್ನೋ, ಶಾಖದಲ್ಲಿ ಹದ ಮಾಡಿದ ಅಲ್ಯೂಮಿನಿಯಂ ಪೈಪು ಗಟ್ಟಿ ಅಂತ ತರ್ತಾರೆ. ಬೆಸುಗೆಯ ಶಾಖ ತಾಗಿದ ಜಾಗದಲ್ಲಿ ಆ ಗಟ್ಟಿತನ ಉಳಿಯಲ್ಲ, ಬೀಡಿನ ಪಕ್ಕದಲ್ಲೇ ಮುರಿಯುತ್ತೆ. ಜನರ ಭಾರ ಹೊರೋ ಕೆಲಸ ಆದರೆ ಕಬ್ಬಿಣದಲ್ಲೇ ಮಾಡಿಸಿ ಅಂತೀನಿ. ಕೆಲವರು ಮುಖ ಊದಿಸಿಕೊಂಡು ಹೋಗ್ತಾರೆ, ಹೋಗಲಿ.

ಹಳೇ ಮೆಷಿನ್ ಇನ್ನೂ ಇದೆ. ಸ್ಟೀಲಿಗೆ ಚಿನ್ನದಂಥ ಮೆಷಿನ್ನೇ, ಸುಳ್ಳು ಹೇಳಬಾರದು. ಅದರ ಮೈಮೇಲೆ ಕೆಂಪು ಪೇಂಟಲ್ಲಿ ‘ಡಿಸಿ ಮಾತ್ರ’ ಅಂತ ಬರೆದಿಟ್ಟಿದ್ದೀನಿ. ಆ ಹುಡುಗನಿಗೆ ಕಬ್ಬಿಣದ ಹೊಸ ಟ್ಯಾಂಕ್ ಮಾಡಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಈಗಲೂ ಶೆಡ್ಡಿನ ಮುಂದೆ ಜೀಪ್ ನಿಲ್ಲಿಸಿದಾಗ, ಇಳಿಯೋ ಮೊದಲು ಸೀಟಿನ ಅಡಿಗೆ ಕೈ ಹಾಕಿ, ಬೆರಳು ಮೂಸಿ ನೋಡ್ತಾನೆ.